ಜೀವ ಉಳೀತು ಸರಿ, ಲೆಕ್ಕ ಎಲ್ಲಿ?

"ಜೀವ ಉಳೀತಲ್ಲ, ದುಡ್ಡೇನು ಮಹಾ. ಇವತ್ತು ಹೋಗುತ್ತೆ, ನಾಳೆ ಬರುತ್ತೆ."

ನಮ್ಮ ಮಾವ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ ಹೇಳಿದ ಮಾತಿದು. ಮುಲುಂಡಿನ ನೆಂಟರು ಹೇಳಿದರು, ಡೊಂಬಿವಲಿಯವರು ಹೇಳಿದರು, ಊರಿಂದ ಫೋನ್ ಮಾಡಿದವರೂ ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು, ಬೇಜಾರಿಲ್ಲ. ಆದರೆ ಹೌಸಿಂಗ್ ಸೊಸೈಟಿಯ ಮೇಂಟೆನೆನ್ಸ್ ಬಿಲ್ಲಿನಲ್ಲಿ ಇನ್ನೂರು ರೂಪಾಯಿ ಜಾಸ್ತಿ ಬಂದರೆ ವಾರ್ಷಿಕ ಸಭೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗಾಡುವವರೂ ಇವರೇ. ಮೂರು ಲಕ್ಷದ ಆಸ್ಪತ್ರೆ ಬಿಲ್ಲನ್ನು ಮಾತ್ರ ಓದದೇ ಕಟ್ಟುತ್ತೇವೆ. ಓದಿ ಪ್ರಶ್ನೆ ಕೇಳಿದರೆ ಮನೆಯವರ ಜೀವಕ್ಕೇ ಚೌಕಾಸಿ ಮಾಡಿದ ಹಾಗೆ ನಾಚಿಕೆ. ಬಿಲ್ಲಿಂಗ್ ಕೌಂಟರ್‌ಗಳು ನಡೆಯುವುದೇ ಈ ನಾಚಿಕೆಯ ಮೇಲೆ ಅಂತ ನನಗೀಗ ಖಾತ್ರಿಯಾಗಿದೆ.

ಮಾವನಿಗೆ ಆಗಿದ್ದು ನ್ಯುಮೋನಿಯಾ. ಜುಲೈ ತಿಂಗಳು, ಮುಂಬಯಿ ಮಳೆ, ಎಪ್ಪತ್ನಾಲ್ಕು ವರ್ಷದ ದೇಹ. ಸೆಂಟ್ರಲ್ ರೈಲ್ವೆ ಲೈನಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೊದಲು ಐಸಿಯು, ಆಮೇಲೆ ಇಬ್ಬರು ಹಂಚಿಕೊಳ್ಳುವ ರೂಮು. ಚಿಕಿತ್ಸೆ ಚೆನ್ನಾಗಿತ್ತು. ಶ್ವಾಸಕೋಶದ ಡಾಕ್ಟರ್ ಬಗ್ಗೆ ನನಗೆ ಒಂದು ದೂರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಬಿಲ್ಲಿನ ತಕರಾರು ಅಂದ ಕೂಡಲೇ ಎಲ್ಲರೂ ಡಾಕ್ಟರನ್ನು ಬೈಯಲು ಶುರು ಮಾಡುತ್ತಾರೆ. ಹೊರಗಿಂದ ಬಂದು ಪೇಶಂಟ್ ನೋಡಿ ಹೋಗುವ ಡಾಕ್ಟರ್ ಎಷ್ಟೋ ಸಲ ಕೊನೆಯ ಬಿಲ್ಲನ್ನು ಕಣ್ಣಿನಿಂದಲೂ ನೋಡಿರುವುದಿಲ್ಲ.

ಒಟ್ಟು ಬಿಲ್ಲು ₹3,18,460. ಇನ್ಶೂರೆನ್ಸ್‌ನವರು ಕ್ಯಾಶ್‌ಲೆಸ್‌ನಲ್ಲಿ (ನೇರ ಆಸ್ಪತ್ರೆಗೇ ಕಟ್ಟಲು) ಒಪ್ಪಿದ್ದು ₹2,21,300. ಉಳಿದ ₹97,160 ನಮ್ಮ ಜೇಬಿನಿಂದ.

ಡಿಸ್ಚಾರ್ಜ್ ಆಗುವ ಹೊತ್ತು ಹೇಗಿರುತ್ತೆ ಅಂತ ಅನುಭವಿಸಿದವರಿಗೇ ಗೊತ್ತು. ಬೆಳಿಗ್ಗೆ ರೌಂಡಿನಲ್ಲಿ ಡಾಕ್ಟರ್ "ಇವತ್ತು ಮನೆಗೆ ಹೋಗಬಹುದು" ಅನ್ನುತ್ತಾರೆ. ಮಾವ ಅಲ್ಲೇ ಅಂಗಿ ಹಾಕಿಕೊಂಡು ಕೂರುತ್ತಾರೆ. ಅತ್ತೆ ಚೀಲ ಕಟ್ಟುತ್ತಾರೆ. ಆಮೇಲೆ ಫೈಲು ಬಿಲ್ಲಿಂಗಿಗೆ, ಅಲ್ಲಿಂದ ಫಾರ್ಮಸಿಗೆ, ಅಲ್ಲಿಂದ ಇನ್ಶೂರೆನ್ಸ್ ಕಾಗದ ನೋಡುವ ಟಿಪಿಎ ಡೆಸ್ಕಿಗೆ. ಸಂಜೆಯಾಗುತ್ತೆ. ಊಟ ಇಲ್ಲ, ನಿದ್ದೆ ಇಲ್ಲ, ಓಲಾದವನು ಎರಡು ಸಲ ಫೋನ್ ಮಾಡಿ ಬೈದು ಹೋಗಿರುತ್ತಾನೆ. ಆಗ ಒಬ್ಬರು ಬಂದು ಒಂದು ಹಾಳೆ ಮುಂದಿಟ್ಟು, ಇಲ್ಲಿ ಸಹಿ, ಇಲ್ಲಿ ಸಹಿ, ಕಾರ್ಡಾ ಯುಪಿಐಯಾ ಅಂತ ಕೇಳುತ್ತಾರೆ. ಆ ಹಾಳೆಯಲ್ಲಿ ಇರುವುದು ಏಳೆಂಟು ಸಾಲು. "ಫಾರ್ಮಸಿ: 96 ಸಾವಿರ." ಅಷ್ಟೇ. ಅದರ ಒಳಗೆ ಏನಿದೆ ಅಂತ ಆ ಹೊತ್ತಿನಲ್ಲಿ ಯಾರು ಕೇಳುತ್ತಾರೆ?

ದುಡ್ಡು ಬಾಕಿ ಅಂತ ಪೇಶಂಟನ್ನು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಬಾಂಬೆ ಹೈಕೋರ್ಟ್ ಇದನ್ನು ಹಿಂದೆಯೇ ಹೇಳಿದೆ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಾಡಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲೂ ಇದೆ. ಕ್ಯಾಶ್‌ಲೆಸ್ ಆದರೆ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ಹೋದ ಮೂರು ಗಂಟೆಯೊಳಗೆ ಇನ್ಶೂರೆನ್ಸ್ ಕಂಪನಿ ಕೊನೆಯ ಒಪ್ಪಿಗೆ ಕೊಡಬೇಕು ಅಂತ ವಿಮೆ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಹೇಳಿದೆ. ತಡವಾಗಿ ಬಿಲ್ಲು ಬೆಳೆದರೆ ಆ ಹೆಚ್ಚುವರಿಯೂ ಕಂಪನಿಯದ್ದೇ. ಎಲ್ಲ ಸರಿ. ಆದರೆ ಉಸಿರಾಡಲು ಕಷ್ಟಪಟ್ಟು ಈಗಷ್ಟೇ ಸುಧಾರಿಸಿಕೊಂಡ ಮನುಷ್ಯನನ್ನು ಲಾಬಿಯ ಕುರ್ಚಿಯಲ್ಲಿ ಕೂರಿಸಿ ಹೈಕೋರ್ಟಿನ ಮಾತು ಆಡಲು ಆಗುತ್ತಾ? ಆಗಲ್ಲ. ಮೊದಲು ಮನೆಗೆ ಹೋಗಬೇಕು. ಜಗಳವನ್ನು ಆ ಸಂಜೆಯಿಂದ ಎತ್ತಿ ಬೇರೆ ದಿನಕ್ಕೆ ಇಡಬೇಕು. ನಾನು ಮಾಡಿದ್ದು ಇಷ್ಟೇ: ಸಹಿ ಮಾಡುವ ಜಾಗದ ಪಕ್ಕದಲ್ಲಿ "ಬಿಲ್ಲಿಗೆ ಆಕ್ಷೇಪಣೆ ಇದೆ, ಅದನ್ನು ಕಾಯ್ದಿರಿಸಿ ಹಣ ಕಟ್ಟಿದ್ದೇನೆ" ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ. ಅದರ ಫೋಟೋ ತೆಗೆದೆ. ಮನೆಗೆ ಬರುವ ದಾರಿಯಲ್ಲೇ ಅದೇ ಮಾತನ್ನು ಆಸ್ಪತ್ರೆಗೆ ಮೇಲ್ ಮಾಡಿದೆ, ಸಾಲುಸಾಲಾಗಿ ಬಿಡಿಸಿದ ಬಿಲ್ಲು ಕಳಿಸಿ ಅಂತಲೂ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ಆ ಸಾಲನ್ನು ನೋಡಿ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಮರಾಠಿಯಲ್ಲಿ, ಬಾಯಲ್ಲಿ ಹೇಳಿದರೆ ಇಲ್ಲಿ ಏನೂ ಆಗಲ್ಲ, ಎಲ್ಲ ಮೇಲ್‌ನಲ್ಲೇ ಕೇಳಿ ಅಂದಳು. ಆ ಆಸ್ಪತ್ರೆಯಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಬಾಳುವ ಸಲಹೆ ಅದು, ಬಿಲ್ಲಿನಲ್ಲಿ ಮಾತ್ರ ಬರಲಿಲ್ಲ.

ಬಿಡಿಸಿದ ಬಿಲ್ಲು ಬಂದಾಗ ಹತ್ತೊಂಬತ್ತು ಪುಟ.

ಅದನ್ನು ನಾನೊಬ್ಬಳೇ ಓದಿದ್ದರೆ ಎರಡನೇ ಪುಟಕ್ಕೇ ಮುಚ್ಚಿಡುತ್ತಿದ್ದೆ. ಓದಿದ್ದು ಶೆಟ್ಟರು. ಮಾವನ ಹಳೆಯ ಗೆಳೆಯರು, ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಆಯುಷ್ಯದ ಬಹುಪಾಲು ಕಳೆದವರು. ಮಾವನನ್ನು ನೋಡಲು ಬಂದವರು ಟೀಪಾಯಿಯ ಮೇಲಿದ್ದ ಪ್ರಿಂಟ್ ಕಂಡು, "ಎಂತದು ಮಾರಾಯ್ತಿ ಇದು, ಲಗ್ನಪತ್ರಿಕೆಯಾ?" ಅಂತ ಕೈಗೆತ್ತಿಕೊಂಡರು. ಕನ್ನಡಕ ಏರಿಸಿ, ಕೆಂಪು ಪೆನ್ನು ಕೇಳಿದರು. ಆಮೇಲೆ ಕೊಟ್ಟ ಚಹಾ ಆರಿ ಹೋದರೂ ತಲೆ ಎತ್ತಲಿಲ್ಲ.

ಅವರು ಮೇಲಿನಿಂದ ಕೆಳಗೆ ಓದಲಿಲ್ಲ. ತಾರೀಕು ಹಿಡಿದು ಓದಿದರು. ಒಂದು ದಿನಕ್ಕೆ ಸಂಬಂಧಪಟ್ಟ ಎಲ್ಲ ಸಾಲುಗಳನ್ನೂ ಒಟ್ಟಿಗೆ ಹಾಕಿ, ಆ ದಿನ ಮಾವ ಎಲ್ಲಿದ್ದರು, ಏನು ನಡೀತು ಅಂತ ನನ್ನನ್ನು ಕೇಳುತ್ತಾ ಹೋದರು. ಹಾಗೆ ಓದಿದಾಗ ಕಂಡಿದ್ದು ಬೇರೆಯೇ ಬಿಲ್ಲು. ಐಸಿಯುವಿನಿಂದ ರೂಮಿಗೆ ಕರೆತಂದ ದಿನಕ್ಕೆ ಎರಡೂ ಬೆಡ್ಡಿನ ಬಾಡಿಗೆ ಬಿದ್ದಿದೆ. ರೂಮಿಗೆ ಬಂದ ಮಾರನೇ ದಿನವೇ ಆಕ್ಸಿಜನ್ ತೆಗೆದಿದ್ದರು, ಬಿಲ್ಲಿನಲ್ಲಿ ಅದು ಡಿಸ್ಚಾರ್ಜ್‌ವರೆಗೂ ಗಂಟೆ ಲೆಕ್ಕದಲ್ಲಿ ಓಡುತ್ತಲೇ ಇದೆ. ನೆಬ್ಯುಲೈಸರ್ ಮಾಸ್ಕ್ ಮೂರು ಸಲ. ಡಾಕ್ಟರ್ ವಿಸಿಟ್ ದಿನಕ್ಕೆ ಎರಡು, ಒಂದೊಂದಕ್ಕೆ ₹1,500. ರೂಮಿನ ಬಾಡಿಗೆಯ ಮೇಲೆ ನರ್ಸಿಂಗ್ ಚಾರ್ಜ್ ಬೇರೆ, ಮಾನಿಟರಿಂಗ್ ಬೇರೆ, ಕಸ ವಿಲೇವಾರಿ ಬೇರೆ.

"ಇಡ್ಲಿಗೆ ಒಂದು ರೇಟು, ಚಟ್ನಿಗೆ ಒಂದು ರೇಟು, ಪ್ಲೇಟು ತೊಳೆದದ್ದಕ್ಕೆ ಇನ್ನೊಂದು ರೇಟು ಅಂತ ನಾನು ಬಿಲ್ ಮಾಡಿದ್ರೆ ಗಿರಾಕಿ ಗಲ್ಲಾದಿಂದ ಎಳೆದು ಹೊಡೀತಿದ್ದ" ಅಂದರು ಶೆಟ್ಟರು.

ಇಲ್ಲಿ ಅತ್ತೆಯ ಪುಸ್ತಕದ ವಿಷಯ ಹೇಳಲೇಬೇಕು. ಹಾಲಿನವನ ಲೆಕ್ಕ ಬರೆಯುವ ಪುಟ್ಟ ಪುಸ್ತಕ ಅವರ ಪರ್ಸಿನಲ್ಲಿ ಯಾವಾಗಲೂ ಇರುತ್ತೆ. ರೂಮಿನಲ್ಲಿ ಮಾವನ ಜೊತೆ ಕೂತವರು ಹೊತ್ತು ಹೋಗದೆ ಅದರಲ್ಲಿ ಎಲ್ಲ ಗೀಚಿದ್ದರು. "ಬೆ. 10-20 ದೊಡ್ಡ ಡಾಕ್ಟರ್ ಬಂದರು. ಚೆನ್ನಾಗಿದೆ ಅಂದರು." "ಮಧ್ಯಾಹ್ನ ಗಂಜಿ, ಉಪ್ಪಿಲ್ಲ." "ಸಂಜೆ ಸಣ್ಣ ಡಾಕ್ಟರ್, ಹುಡುಗಿ, ಬಿಪಿ ನೋಡಿದಳು." "ಮದ್ದು ಬದಲು ಮಾಡಿದರಂತೆ. ಸಿಸ್ಟರ್ 6 ಬಾಟಲಿ ವಾಪಸ್ ತಗೊಂಡು ಹೋದಳು." ಆ ಕೊನೆಯ ಸಾಲನ್ನು ಓದಿ ಶೆಟ್ಟರು ಟೇಬಲ್ ಕುಟ್ಟಿದರು. ಯಾವ ಸೋಂಕು ಅಂತ ತಿಳಿಸುವ ಕಲ್ಚರ್ ರಿಪೋರ್ಟ್ ಬಂದ ಮೇಲೆ ಆಂಟಿಬಯೋಟಿಕ್ ಬದಲಾಗಿತ್ತು. ಮೊದಲೇ ತರಿಸಿಟ್ಟಿದ್ದ ಇಂಜೆಕ್ಷನ್ ಬಾಟಲಿಗಳು ಒಡೆಯದೇ ಫಾರ್ಮಸಿಗೆ ವಾಪಸ್ ಹೋಗಿದ್ದವು. ಬಿಲ್ಲಿನಲ್ಲಿ ಆ ಆರೂ ಬಾಟಲಿ ಖರ್ಚಾಗಿಯೇ ಕೂತಿದ್ದವು. ಒಂದಕ್ಕೆ ₹1,900, ಒಟ್ಟು ₹11,400. ವಾಪಸ್ ಬಂದ ಮಾಲಿನ ಕ್ರೆಡಿಟ್ ನೋಟ್ ಎಲ್ಲೂ ಇಲ್ಲ.

ಔಷಧಿ ವಾಪಸಾತಿ ಎಲ್ಲರೂ ಮರೆಯುವ ಜಾಗ. ಐಸಿಯುವಿನಲ್ಲಿ ಎರಡು ದಿನಕ್ಕೆ ಬೇಕಾದ್ದನ್ನು ಒಟ್ಟಿಗೆ ತರಿಸುತ್ತಾರೆ, ಚಿಕಿತ್ಸೆ ಬದಲಾಗುತ್ತೆ, ಉಳಿದದ್ದು ವಾರ್ಡಿನ ಟ್ರಾಲಿಯಲ್ಲಿ ಕೂರುತ್ತೆ. ಅದು ಫಾರ್ಮಸಿಗೆ ಮರಳಿತಾ, ಮರಳಿದ್ದು ಕಂಪ್ಯೂಟರಿಗೆ ಹೋಯಿತಾ ಅಂತ ನೋಡುವವರು ಯಾರು? ಪೇಶಂಟಿಗೆ ಜ್ವರ, ಮನೆಯವರಿಗೆ ಭಯ.

ಕೆಂಪು ಪೆನ್ನಿನಲ್ಲಿ ಶೆಟ್ಟರು ಗುರುತು ಹಾಕಿದ್ದು ಬಹಳ ಇತ್ತು. ಆದರೆ ಗುರುತು ಹಾಕಿದ್ದೆಲ್ಲ ಒಂದೇ ಜಾತಿಯದ್ದಲ್ಲ ಅಂತ ನನಗೆ ಆಮೇಲೆ ಹೊಳೆಯಿತು. ಬಿಲ್ಲಿನಲ್ಲಿ ಎರಡು ಥರದ ಅನ್ಯಾಯ ಇರುತ್ತೆ. ಒಂದು, ಕೊಡದೇ ಇದ್ದದ್ದಕ್ಕೆ ದುಡ್ಡು ತಗೊಳ್ಳುವುದು. ಇನ್ನೊಂದು, ಕೊಟ್ಟದ್ದಕ್ಕೆ ಹೊಟ್ಟೆ ಉರಿಯುವಷ್ಟು ದುಡ್ಡು ತಗೊಳ್ಳುವುದು. ಸಿಟ್ಟು ಬರುವುದು ಎರಡನೆಯದಕ್ಕೆ, ದುಡ್ಡು ವಾಪಸ್ ಬರುವುದು ಮೊದಲನೆಯದಕ್ಕೆ. ಈ ವ್ಯತ್ಯಾಸ ತಿಳಿಯದೇ ಹೋಗಿ "ನೀವು ಲೂಟಿಕೋರರು" ಅಂತ ಕೂಗಾಡಿದರೆ, ಎದುರಿಗೆ ಕೂತವನು ನಗುತ್ತಾ ರೇಟ್ ಕಾರ್ಡ್ ತೋರಿಸುತ್ತಾನೆ, ಕಥೆ ಮುಗೀತು.

ಮಹಾರಾಷ್ಟ್ರದಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವುದು 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆ. 2010ರ ಕೇಂದ್ರದ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯನ್ನು ಈ ರಾಜ್ಯ ಒಪ್ಪಿಕೊಂಡಿಲ್ಲ. 1949ರ ಕಾಯ್ದೆಯ ನಿಯಮಗಳನ್ನು 2021ರ ಜನವರಿಯಲ್ಲಿ ತಿದ್ದಿದರು. ಅದರ ಪ್ರಕಾರ ಆಸ್ಪತ್ರೆ ರೋಗಿಗಳ ಹಕ್ಕುಗಳ ಫಲಕ ಹಾಕಬೇಕು, ಬೆಡ್, ಐಸಿಯು, ಡಾಕ್ಟರ್ ವಿಸಿಟ್, ನರ್ಸಿಂಗ್, ಆಕ್ಸಿಜನ್ ಮುಂತಾದವುಗಳ ರೇಟನ್ನು ಎಲ್ಲರಿಗೂ ಕಾಣುವ ಹಾಗೆ ತೋರಿಸಬೇಕು, ಬಿಡಿಸಿದ ಬಿಲ್ಲು ಕೊಡಬೇಕು. ಚೆನ್ನಾಗಿದೆ. ಆದರೆ ತೋರಿಸಬೇಕು ಅಂತಷ್ಟೇ ಇರುವುದು, ಇಷ್ಟೇ ಇರಬೇಕು ಅಂತ ಇಲ್ಲ. ಐಸಿಯುವಿಗೆ ದಿನಕ್ಕೆ ಐವತ್ತು ಸಾವಿರ ಅಂತ ಬೋರ್ಡ್ ಹಾಕಿಕೊಂಡರೆ ಬೋರ್ಡಿನ ಮಟ್ಟಿಗೆ ಅದು ಸರಿಯೇ.

ಮಿತಿ ಹಾಕಲು ಆಗುವುದೇ ಇಲ್ಲ ಅಂತಲ್ಲ. ಕೋವಿಡ್ ಕಾಲದಲ್ಲಿ ಇದೇ ರಾಜ್ಯದ ಸರ್ಕಾರ 2020ರ ಮೇ ತಿಂಗಳಲ್ಲಿ ಖಾಸಗಿ ಆಸ್ಪತ್ರೆಗಳ ಶೇ. 80ರಷ್ಟು ಬೆಡ್ಡುಗಳಿಗೆ ರೇಟು ಕಟ್ಟಿತ್ತು. ವಾರ್ಡಿಗೆ ದಿನಕ್ಕೆ ₹4,000, ವೆಂಟಿಲೇಟರ್ ಇಲ್ಲದ ಐಸಿಯುವಿಗೆ ₹7,500, ಇದ್ದರೆ ₹9,000. ಬೆಡ್, ನರ್ಸಿಂಗ್, ಡಾಕ್ಟರ್ ವಿಸಿಟ್, ಊಟ, ಸಾಮಾನ್ಯ ಟೆಸ್ಟುಗಳು ಎಲ್ಲ ಅದರೊಳಗೇ. ಪಿಪಿಇ ಕಿಟ್ಟು, ದುಬಾರಿ ಇಂಜೆಕ್ಷನ್ನು ಮಾತ್ರ ಹೊರಗೆ. ಮುಂಬಯಿಯಲ್ಲಿ ಪಾಲಿಕೆ ಆಸ್ಪತ್ರೆಗಳಿಗೆ ಆಡಿಟರ್‌ಗಳನ್ನೂ ಕಳಿಸಿತ್ತು. ಮಹಾಮಾರಿ ಹೋಯಿತು, ಮಿತಿಯೂ ಹೋಯಿತು. ಚಟ್ನಿಗೆ ಮತ್ತೆ ಬೇರೆ ರೇಟು.

ಔಷಧಿಯ ಕಥೆ ಇನ್ನೂ ವಿಚಿತ್ರ. ಬಿಲ್ಲಿನಲ್ಲಿದ್ದ ಸಿರಿಂಜು, ಐವಿ ಸೆಟ್ಟು, ಕ್ಯಾನ್ಯುಲಾಗಳ ಬೆಲೆ ನೋಡಿ ನಾನು ನಮ್ಮ ಬಿಲ್ಡಿಂಗಿನ ಕೆಳಗಿನ ಮೆಡಿಕಲ್‌ನವನನ್ನು ಕೇಳಿದೆ. ಅವನು ಅದೇ ಥರದ ವಸ್ತುವನ್ನು ಅರ್ಧಕ್ಕಿಂತ ಕಡಿಮೆಗೆ ಕೊಟ್ಟ. ಆದರೆ ಆಸ್ಪತ್ರೆಯವರು ಎಂಆರ್‌ಪಿ ಮೀರಿರಲಿಲ್ಲ. ಎಂಆರ್‌ಪಿ ಮೀರಿದರೆ ಅಪರಾಧ. ಎಂಆರ್‌ಪಿಯನ್ನೇ ಮೊದಲಿಗೆ ಉಬ್ಬಿಸಿ ಮುದ್ರಿಸಿದ್ದರೆ ಗಿರಾಕಿ ಏನು ಮಾಡಬೇಕು? ಔಷಧಿ ಬೆಲೆ ನೋಡಿಕೊಳ್ಳುವ ಎನ್‌ಪಿಪಿಎ 2018ರಲ್ಲಿ ದೆಹಲಿ ಸುತ್ತಲಿನ ನಾಲ್ಕು ದೊಡ್ಡ ಆಸ್ಪತ್ರೆಗಳ ಬಿಲ್ಲು ತೆರೆದು ನೋಡಿದಾಗ ಕೆಲವು ವಸ್ತುಗಳ ಮೇಲಿನ ಲಾಭ ಶೇ. 1,737ರವರೆಗೂ ಹೋಗಿತ್ತು. ಆ ಲಾಭದ ದೊಡ್ಡ ಪಾಲು ಹೋಗುತ್ತಿದ್ದದ್ದು ತಯಾರಕರಿಗಲ್ಲ, ಆಸ್ಪತ್ರೆಗಳಿಗೆ. ಸರ್ಕಾರ ಮನಸ್ಸು ಮಾಡಿದ ಕಡೆ ಬೆಲೆ ಬಿದ್ದದ್ದೂ ಇದೆ. ಲಕ್ಷದ ಮೇಲೆ ಹೋಗುತ್ತಿದ್ದ ಹೃದಯದ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ₹29,600ರ ಮಿತಿ ಬಂತು. ಗ್ಲೌಸಿಗೆ ಬರಲಿಲ್ಲ. ಆಸ್ಪತ್ರೆ ಫಾರ್ಮಸಿಯಲ್ಲೇ ಕೊಳ್ಳಬೇಕು ಅನ್ನುವ ಒತ್ತಾಯದ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿತ್ತು. 2025ರ ಮಾರ್ಚಿನಲ್ಲಿ ಕೋರ್ಟು ನೀತಿ ಮಾಡುವ ಕೆಲಸ ರಾಜ್ಯಗಳದ್ದು ಅಂತ ಅವರಿಗೇ ಬಿಟ್ಟಿತು. ಹೊರಗಿನಿಂದ ಔಷಧಿ ತರುವ ಹಕ್ಕು ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿದೆ. ಐಸಿಯು ಬಾಗಿಲಲ್ಲಿ ರಾತ್ರಿ ಎರಡಕ್ಕೆ ಚೀಟಿ ಹಿಡಿದು ನಿಂತವರಿಗೆ ಆ ಪಟ್ಟಿ ಎಷ್ಟು ನೆನಪಿರುತ್ತೆ, ನೀವೇ ಹೇಳಿ.

ಹಾಗಾಗಿ ಗ್ಲೌಸು, ಐವಿ ಸೆಟ್ಟು, ರೂಮಿನ ರೇಟು ಇವುಗಳ ಮೇಲಿನ ಕೆಂಪು ಗುರುತನ್ನು ಬಿಟ್ಟೆವು. ಶೆಟ್ಟರಿಗೆ ಅದು ಇಷ್ಟವಾಗಲಿಲ್ಲ. "ನೂರ ನಲವತ್ತು ಜೊತೆ ಗ್ಲೌಸ್, ಮಾರಾಯ್ತಿ! ನಿನ್ನ ಮಾವನಿಗೆ ಎಷ್ಟು ಕೈ?" ಅಂತ ಹೋಗುವಾಗಲೂ ಗೊಣಗುತ್ತಿದ್ದರು. ಹಾಕಿಕೊಳ್ಳುವುದು ಸಿಸ್ಟರ್‌ಗಳು ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ. ಕೊಡದೇ ತಗೊಂಡದ್ದನ್ನು ಮಾತ್ರ ಹಿಡಿದರೆ ಸುಮಾರು ₹43,000 ಆಯಿತು.

ಆದರೆ ಹಾಲಿನ ಪುಸ್ತಕ ಒಂದನ್ನೇ ಹಿಡಿದು ಹೋದರೆ ನಡೆಯಲ್ಲ. ಅವರದೇ ಕಾಗದ ಬೇಕು. ಡಾಕ್ಟರ್ ದಿನಾ ಬರೆಯುವ ಟಿಪ್ಪಣಿ, ಸಿಸ್ಟರ್‌ಗಳ ಚಾರ್ಟು, ಯಾವ ಮದ್ದು ಎಷ್ಟು ಹೊತ್ತಿಗೆ ಕೊಟ್ಟರು ಅನ್ನುವ ಹಾಳೆ, ಎಲ್ಲ ಸೇರಿದ ಇಂಡೋರ್ ಕೇಸ್ ಪೇಪರ್. ಬಿಲ್ಲು ಬರೆಯುವವರು ಬೇರೆ, ಕೇಸ್ ಪೇಪರ್ ಬರೆಯುವವರು ಬೇರೆ. ಎರಡೂ ಒಂದಕ್ಕೊಂದು ತಾಳೆಯಾಗುವುದು ಕಡಿಮೆ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮ ಇದೆ. ಬಾಂಬೆ ಹೈಕೋರ್ಟ್ ಅಂತೂ 1996ರಲ್ಲೇ ರೋಗಿಗೆ ಕೇಸ್ ಪೇಪರ್ ಕೊಡಲೇಬೇಕು ಅಂದಿದೆ. ಮೊದಲು "ಅದು ಆಸ್ಪತ್ರೆಯ ಗುಪ್ತ ದಾಖಲೆ" ಅಂದರು. ನಿಯಮ ಹೆಸರಿಸಿ ಮೇಲ್ ಹಾಕಿದ ಮೇಲೆ ಝೆರಾಕ್ಸಿಗೆ ದುಡ್ಡು ಕಟ್ಟಿಸಿಕೊಂಡು ಕೊಟ್ಟರು. ಶ್ವಾಸಕೋಶದ ಡಾಕ್ಟರ್ ಸಹಿ ದಿನಕ್ಕೆ ಒಂದೇ. ಸಂಜೆ ಬಂದು ಬಿಪಿ ನೋಡುತ್ತಿದ್ದವರು ಡ್ಯೂಟಿ ಡಾಕ್ಟರ್. ಅತ್ತೆ ಬರೆದದ್ದು ಅಕ್ಷರಶಃ ಸರಿ. ಆಕ್ಸಿಜನ್ ನಿಲ್ಲಿಸಿದ ಹೊತ್ತು ಸಿಸ್ಟರ್ ಚಾರ್ಟಿನಲ್ಲಿ ನೀಟಾಗಿ ಬರೆದಿತ್ತು.

ದೂರಿನ ಪತ್ರ ತಯಾರಾಗಿದ್ದು ಮಾವನ ಮೇಲ್ವಿಚಾರಣೆಯಲ್ಲಿ. ಫೋರ್ಟಿನ ಒಂದು ಕಂಪನಿಯಲ್ಲಿ ಟೈಪಿಸ್ಟ್ ಆಗಿ ಸೇರಿ ಆಫೀಸ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು ಅವರು. ನಾನು ಬರೆದ ಮೊದಲ ಕರಡಿನಲ್ಲಿ ಸಿಟ್ಟು ತುಂಬಿತ್ತು. ದಿಂಬಿಗೆ ಒರಗಿ ಕೂತು ಓದಿ, "ಇದರಲ್ಲಿ ವಿಶೇಷಣ ಜಾಸ್ತಿ, ಅಂಕಿ ಕಡಿಮೆ" ಅಂದರು. "ಮೋಸ" ಹೊಡೆದರು. "ಅಮಾನವೀಯ" ಹೊಡೆದರು. ಉಳಿದದ್ದು ಒಂದು ಕೋಷ್ಟಕ. ತಾರೀಕು, ಬಿಲ್ಲಿನ ಪುಟ, ಅಲ್ಲಿ ಏನಿದೆ, ಕೇಸ್ ಪೇಪರಿನ ಯಾವ ಪುಟದಲ್ಲಿ ಏನಿದೆ, ಎಷ್ಟು ವಾಪಸ್ ಬೇಕು. ಕೊನೆಗೆ ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡಿ ಅಂತ ಒಂದು ಸಾಲು. ಮೆಡಿಕಲ್ ಸೂಪರಿಂಟೆಂಡೆಂಟರ ಹೆಸರಿಗೆ, ಬಿಲ್ಲಿಂಗ್ ವಿಭಾಗಕ್ಕೆ ಪ್ರತಿ.

ಬಿಲ್ಲಿಂಗ್ ಮ್ಯಾನೇಜರ್ ನಮ್ಮನ್ನು ಕರೆಸಿ ಕಾಫಿ ಕೊಟ್ಟರು. ಬಹಳ ಮರ್ಯಾದೆಯ ಮನುಷ್ಯ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹೆಚ್ಚಿನದೆಲ್ಲ ಇನ್ಶೂರೆನ್ಸ್ ಕೊಟ್ಟಿದೆಯಲ್ಲ ಮೇಡಂ, ನಿಮಗೇನು ಕಷ್ಟ?" ನಮ್ಮದು ಐದು ಲಕ್ಷದ ಫ್ಯಾಮಿಲಿ ಫ್ಲೋಟರ್, ಮನೆಯವರೆಲ್ಲರಿಗೂ ಸೇರಿ ಒಂದೇ ಮೊತ್ತ. ಆ ವರ್ಷ ಅತ್ತೆಗೆ ಕಣ್ಣಿನ ಪೊರೆಯ ಆಪರೇಶನ್ ಆಗಬೇಕಿತ್ತು, ಅದೂ ಅದೇ ಹಣದಿಂದ. ಉಪಯೋಗಿಸದ ಇಂಜೆಕ್ಷನ್ನಿಗೆ ಪಾಲಿಸಿಯಿಂದ ಹೋದ ಹನ್ನೊಂದು ಸಾವಿರ ಅತ್ತೆಯ ಕಣ್ಣಿನಿಂದ ಹೋದ ಹಾಗೇ ತಾನೇ. ಇದನ್ನು ಹೇಳಿದೆ. ಅವರು ಬರೆದುಕೊಂಡರು. ಉತ್ತರ ಬರಲಿಲ್ಲ.

ಈ ನಡುವೆ ಇನ್ಶೂರೆನ್ಸಿನವರ ಕತ್ತರಿಯನ್ನೂ ನೋಡಿದೆವು. ಆಸ್ಪತ್ರೆಯ ತಪ್ಪು ಒಂದು ಕಡೆ, ಕಂಪನಿಯ ತಪ್ಪು ಇನ್ನೊಂದು ಕಡೆ. ಜನ ಎರಡನ್ನೂ ಸೇರಿಸಿ ಒಬ್ಬರನ್ನೇ ಬೈಯುತ್ತಾರೆ. ನಮ್ಮ ಪಾಲಿಸಿಯಲ್ಲಿ ರೂಮಿನ ಬಾಡಿಗೆ ಮಿತಿ ₹4,000. ಸಿಕ್ಕಿದ್ದು ₹5,500ರ ರೂಮು. ಐದು ಸಾವಿರ ದಾಟಿದ್ದರಿಂದ ಅದರ ಮೇಲೆ ಶೇ. 5 ಜಿಎಸ್‌ಟಿ ಬೇರೆ. ಇದು 2022ರ ಜುಲೈಯಿಂದ ಇರುವ ನಿಯಮ, ಐಸಿಯುವಿಗೆ ಮಾತ್ರ ಇಲ್ಲ. ಮಿತಿ ದಾಟಿದ್ದರಿಂದ ಕಂಪನಿಯವರು ಅದೇ ಅನುಪಾತದಲ್ಲಿ ಬಿಲ್ಲಿನ ಉಳಿದ ಭಾಗವನ್ನೂ ಕತ್ತರಿಸಿದ್ದರು. ಡಾಕ್ಟರ್ ಫೀಸಿನಂಥವನ್ನು ಹಾಗೆ ಕತ್ತರಿಸಬಹುದು. ಆದರೆ ಔಷಧಿ, ಬಳಸಿ ಬಿಸಾಡುವ ಸಾಮಾನು, ಇಂಪ್ಲಾಂಟ್, ಟೆಸ್ಟುಗಳನ್ನು ಆ ಕತ್ತರಿಗೆ ಒಡ್ಡುವ ಹಾಗಿಲ್ಲ, ಐಸಿಯು ಖರ್ಚನ್ನೂ ಇಲ್ಲ. ಐಆರ್‌ಡಿಎಐ 2020ರಲ್ಲೇ ಇದನ್ನು ಸ್ಪಷ್ಟ ಮಾಡಿದೆ. ನಮ್ಮ ಟೆಸ್ಟುಗಳನ್ನೂ ಕತ್ತರಿಸಿದ್ದರು. ಕಂಪನಿಯ ದೂರು ವಿಭಾಗಕ್ಕೆ ಆ ನಿಯಮ ತೋರಿಸಿ ಬರೆದದ್ದಕ್ಕೆ ₹14,200 ಹೆಚ್ಚಿನ ಮಾತಿಲ್ಲದೆ ಬಂತು. ಬರದಿದ್ದರೆ ಐಆರ್‌ಡಿಎಐಯ ಬೀಮಾ ಭರೋಸಾ ದೂರು ಪೋರ್ಟಲ್ ಇದೆ, ಆಮೇಲೆ ಇಂಥ ತಕರಾರು ತೀರಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ. ಮುಂಬಯಿಯಲ್ಲೂ ಪುಣೆಯಲ್ಲೂ ಅವರ ಆಫೀಸ್ ಇದೆ, ವಕೀಲರು ಬೇಕಿಲ್ಲ.

ಆಸ್ಪತ್ರೆ ಮಾತ್ರ ಅಲುಗಾಡಲಿಲ್ಲ. ಹದಿನೈದು ದಿನ ಕಳೆದ ಮೇಲೆ ನಾನು ವಾರ್ಡ್ ಆಫೀಸಿಗೆ ಹೋದೆ. ಮುಂಬಯಿಯಲ್ಲಿ ಖಾಸಗಿ ನರ್ಸಿಂಗ್ ಹೋಮುಗಳಿಗೆ ನೋಂದಣಿ ಕೊಡುವುದು ಮಹಾನಗರ ಪಾಲಿಕೆ, ವಾರ್ಡಿನ ಆರೋಗ್ಯ ಅಧಿಕಾರಿಯ ಮೂಲಕ. ಲೈಸೆನ್ಸ್ ಕೊಡುವವರ ಹತ್ತಿರವೇ ದೂರು. ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ, ಪೊಲೀಸ್ ಸ್ಟೇಷನ್ನಿಗೆ ಓಡುತ್ತಾರೆ. ಅರ್ಜಿಯನ್ನು ಪಕ್ಕದ ಮನೆಯ ಮರಾಠಿ ಟೀಚರ್ ತಿದ್ದಿ ಕೊಟ್ಟಿದ್ದರು. ಕಾಗದ ತಗೊಳ್ಳುವ ಆವಕ-ಜಾವಕ ಕೌಂಟರಿನಲ್ಲಿ ಇಟ್ಟು ನಾನು ಹೊರಟಾಗ ಪಕ್ಕದಲ್ಲಿದ್ದ ಅಪರಿಚಿತ ಅಜ್ಜರೊಬ್ಬರು ತಡೆದು, "ಪೋಚ್ ಘ್ಯಾ, ಪೋಚ್!" ಅಂದರು, ಸ್ವೀಕೃತಿ ತಗೊಳ್ಳಿ ಅಂತ. ನಮ್ಮ ಪ್ರತಿಯ ಮೇಲೆ ತಾರೀಕಿನ ಠಸ್ಸೆ ಬಿತ್ತು. ಠಸ್ಸೆ ಬಿದ್ದ ಆ ಪ್ರತಿಯ ಫೋಟೋವನ್ನು ಆಸ್ಪತ್ರೆಯ ಅದೇ ಮೇಲ್ ಸರಣಿಗೆ ಕಳಿಸಿದೆ. ಬೇರೆ ಒಂದು ಮಾತೂ ಬರೆಯಲಿಲ್ಲ.

ಪಾಲಿಕೆಯವರು ಕರೆದು ವಿಚಾರಿಸುವ ಮೊದಲೇ ಆಸ್ಪತ್ರೆಯಿಂದ ಪರಿಷ್ಕೃತ ಬಿಲ್ಲು ಬಂತು. ಇಂಜೆಕ್ಷನ್ ಪೂರ್ತಿ ಬಿಟ್ಟರು. ಎರಡು ಬೆಡ್ಡಿನ ಬಾಡಿಗೆಯಲ್ಲಿ ಒಂದನ್ನು, ಅದರ ಜಿಎಸ್‌ಟಿ ಸಮೇತ ಬಿಟ್ಟರು. ಆಕ್ಸಿಜನ್ ಬಿಟ್ಟರು. ಡಾಕ್ಟರ್ ವಿಸಿಟ್‌ನಲ್ಲಿ ರೂಮಿನ ದಿನಗಳದ್ದು ಬಿಟ್ಟರು, ಐಸಿಯು ದಿನಗಳದ್ದು ಬಿಡಲಿಲ್ಲ. ಡಾಕ್ಟರ್ ಫೋನಿನಲ್ಲಿ ಸಲಹೆ ಕೊಟ್ಟಿದ್ದರು, ಅದೂ ವಿಸಿಟ್ಟೇ ಅಂತೆ! ಒಟ್ಟು ₹26,340. ಪತ್ರದಲ್ಲಿ ತಪ್ಪಾಯಿತು ಅನ್ನುವ ಮಾತಿಲ್ಲ. "ಗುಡ್‌ವಿಲ್ ಅಡ್ಜಸ್ಟ್‌ಮೆಂಟ್" ಅಂತ ಬರೆದಿದ್ದರು. ಒಡೆಯದ ಬಾಟಲಿಯ ದುಡ್ಡು ವಾಪಸ್ ಕೊಡುವುದರಲ್ಲಿ ಗುಡ್‌ವಿಲ್ ಎಲ್ಲಿಂದ ಬಂತೋ.

ಅದರಲ್ಲೂ ನಮ್ಮ ಕೈಗೆ ಬಂದದ್ದು ₹9,240. ಉಳಿದ ₹17,100 ಇನ್ಶೂರೆನ್ಸ್ ಕೊಟ್ಟಿದ್ದ ಸಾಲುಗಳದ್ದು, ಅದು ಕಂಪನಿಗೆ ಹೋಗಿ ಪಾಲಿಸಿಯ ಮೊತ್ತಕ್ಕೆ ಮತ್ತೆ ಸೇರಿತು. ಅದು ಸೇರಿದ್ದನ್ನು ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿ ತಗೊಳ್ಳಬೇಕು, ತಾನಾಗಿ ಯಾರೂ ಹೇಳಲ್ಲ. "ಇಷ್ಟು ಒದ್ದಾಡಿ ಒಂಬತ್ತು ಸಾವಿರವಾ?" ಅಂತ ನಮ್ಮೆಜಮಾನರು ನಕ್ಕರು. ಇನ್ಶೂರೆನ್ಸಿನಿಂದ ಮೊದಲೇ ಬಂದ ₹14,200 ಸೇರಿ ₹23,440 ಅಂತ ಮಾವ ದಿಂಬಿನಿಂದಲೇ ತಿದ್ದಿದರು.

ಬಿಡದೇ ಉಳಿದದ್ದಕ್ಕೆ ಗ್ರಾಹಕ ಆಯೋಗಕ್ಕೆ ಹೋಗುತ್ತೀರಾ ಅಂತ ಕೆಲವರು ಕೇಳಿದರು. ಹೋಗಬಹುದು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿದೆ. ಕಟ್ಟಿದ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು, ನಾವೇ ವಾದಿಸಬಹುದು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ರಾಜಿಗೆ ಪ್ರಯತ್ನಿಸಬಹುದು. ಟ್ರಸ್ಟ್ ನಡೆಸುವ ಧರ್ಮಾರ್ಥ ಆಸ್ಪತ್ರೆಯಾಗಿದ್ದರೆ ಇನ್ನೊಂದು ಬಾಗಿಲೂ ಇದೆ: ಶೇ. 10ರಷ್ಟು ಬೆಡ್ ತೀರಾ ಬಡವರಿಗೆ ಪುಕ್ಕಟೆ, ಇನ್ನು ಶೇ. 10 ಆರ್ಥಿಕವಾಗಿ ಹಿಂದುಳಿದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ಕೊಡದಿದ್ದರೆ ವರ್ಲಿಯ ಚ್ಯಾರಿಟಿ ಕಮಿಷನರ್ ಕಚೇರಿಗೆ ದೂರು. ಹೋಟೆಲ್ ಕೆಲಸಕ್ಕೆ ಅಂತ ಊರಿಂದ ಬಂದ ಹುಡುಗರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು. ಪಡಿತರ ಚೀಟಿ, ಆದಾಯ ಪ್ರಮಾಣಪತ್ರ ಅಂತ ಓಡಾಡುವುದು ಐಸಿಯುವಿಗೆ ಸೇರಿದ ಮೇಲೆ ಆಗುವ ಕೆಲಸವಲ್ಲ.

ನಾವು ಆಯೋಗಕ್ಕೆ ಹೋಗುತ್ತಿಲ್ಲ. ಉಳಿದದ್ದರಲ್ಲಿ ಗಟ್ಟಿ ಪುರಾವೆ ಇರುವುದು ಫೋನಿನ ವಿಸಿಟ್ ಒಂದಕ್ಕೇ, ಅದಕ್ಕೆ ಆ ಡಾಕ್ಟರನ್ನೇ ಸಾಕ್ಷಿಗೆ ಎಳೆಯಬೇಕಾಗುತ್ತೆ. ಮಾವನಿಗೆ ಅದು ಬೇಡ, ನನಗೂ ಬೇಡ. ತಪಾಸಣೆಗೆ ಈಗಲೂ ಅವರ ಹತ್ತಿರವೇ ಹೋಗುವುದು. ಆದರೆ ಕನ್ಸಲ್ಟಿಂಗ್ ಫೀಸಿನ ರಸೀದಿ ಕೈಗೆ ಬರುವವರೆಗೂ ಅತ್ತೆ ಕುರ್ಚಿ ಬಿಟ್ಟು ಏಳುವುದಿಲ್ಲ.